ಬ್ಯಾಂಜೊನಾ, ಸ್ಟೀಲ್ ಗಿಟಾರಾ? ಕಂಟ್ರಿ ಸಂಗೀತ ಕಲಿಯಲು ಹೊರಟವರಿಗೆ

ಬ್ಯಾಂಜೊಗೂ ಈರುಳ್ಳಿಗೂ ಏನು ವ್ಯತ್ಯಾಸ? ಬ್ಯಾಂಜೊ ಹೆಚ್ಚಿದರೆ ಯಾರಿಗೂ ಕಣ್ಣೀರು ಬರುವುದಿಲ್ಲ.

ಅಮೆರಿಕದ ಕಂಟ್ರಿ ಸಂಗೀತಗಾರರ ನಡುವೆ ಓಡಾಡುವ ಹಳೇ ಜೋಕು ಇದು. ಪಕ್ಕದಲ್ಲಿ ಸ್ಟೀಲ್ ಗಿಟಾರಿನವನು ಕೂತಿದ್ದರೆ ಜೋರಾಗಿ ನಗುವವನು ಅವನೇ. ಬ್ಯಾಂಜೊದವನು ಸುಮ್ಮನಿರುತ್ತಾನಾ? "ಸ್ಟೀಲ್ ನುಡಿಸುವವರು ಅರ್ಧ ಆಯುಷ್ಯ ಶ್ರುತಿ ಮಾಡುತ್ತಾರೆ, ಇನ್ನರ್ಧ ಆಯುಷ್ಯ ಅಪಶ್ರುತಿಯಲ್ಲಿ ನುಡಿಸುತ್ತಾರೆ" ಅನ್ನುತ್ತಾನೆ. ತಮಾಷೆ ಅಂದರೆ ಇದೇ ಜೋಕನ್ನು ಬ್ಯಾಂಜೊದವರ ಮೇಲೂ ಹೇಳುತ್ತಾರೆ. ಯಾರು ಮೊದಲು ಬಾಯಿ ತೆಗೆದರೋ ಅವರದು.

ಈ ಜಗಳದಲ್ಲಿ ದ್ವೇಷವೇನೂ ಇಲ್ಲ. ಸಂಜೆ ಒಂದೇ ವೇದಿಕೆ ಹತ್ತುವವರು ಬೆಳಗ್ಗೆಯಿಂದ ಕಾಲೆಳೆದುಕೊಳ್ಳುತ್ತಾರೆ, ಅಷ್ಟೇ. ಆದರೆ ಎರಡರಲ್ಲಿ ಒಂದನ್ನು ಕೊಂಡು ಕಲಿಯಬೇಕು ಅಂತ ಹೊರಟವರು ಈ ಜೋಕುಗಳನ್ನು ಸ್ವಲ್ಪ ಗಮನಿಸಿ ಕೇಳಬೇಕು. ಬ್ಯಾಂಜೊದವರನ್ನು ಗದ್ದಲಕ್ಕೆ ಹಂಗಿಸುತ್ತಾರೆ. ಸ್ಟೀಲ್‌ನವರನ್ನು ಶ್ರುತಿಗೆ ಹಂಗಿಸುತ್ತಾರೆ. ಎರಡೂ ವಾದ್ಯಗಳ ನಿಜವಾದ ಕಷ್ಟ ಅಲ್ಲೇ ಇದೆ.

ನನ್ನ ಒಲವು ಸ್ಟೀಲ್ ಕಡೆಗೆ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಪಕ್ಷಪಾತ ಅನ್ನಬೇಡಿ. ಆದರೂ ಕೇಳಿದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನಕ್ಕೆ ನಾನು ಬ್ಯಾಂಜೊ ತಗೊಳ್ಳಿ ಅಂತಲೇ ಹೇಳುತ್ತೇನೆ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಒಂದು ಸ್ವರ ಎಷ್ಟು ಹೊತ್ತು ಬದುಕುತ್ತದೆ?

ಎಲ್ಲಾ ವ್ಯತ್ಯಾಸ ಶುರುವಾಗುವುದು ಇಲ್ಲಿಂದ.

ಬ್ಯಾಂಜೊ ಅಂದರೆ ಕೋಲು ಸಿಕ್ಕಿಸಿದ ಚರ್ಮವಾದ್ಯ ಅಂದುಕೊಳ್ಳಿ. ದುಂಡಗಿನ ಮರದ ಬಳೆಯ ಮೇಲೆ ಬಿಗಿದ ಹೊದಿಕೆ. ಮೊದಲು ನಿಜವಾದ ತೊಗಲು ಇರುತ್ತಿತ್ತು. 1950ರ ದಶಕದ ಕೊನೆಯಿಂದ ಪ್ಲಾಸ್ಟಿಕ್ ಹಾಳೆ ಬಂತು. ತಂತಿಗಳ ಕುದುರೆ ಆ ಹಾಳೆಯ ಮೇಲೆಯೇ ನಿಂತಿರುತ್ತದೆ. ತಂತಿ ಮೀಟಿದರೆ ಹಗುರವಾದ ಹಾಳೆ ಆ ಕಂಪನವನ್ನೆಲ್ಲ ಒಂದೇ ಏಟಿಗೆ ಗಾಳಿಗೆ ಬಿಟ್ಟುಬಿಡುತ್ತದೆ. ಅದಕ್ಕೇ ಅಷ್ಟು ಜೋರು. ಅದಕ್ಕೇ ಅಷ್ಟು ಬೇಗ ಮುಗಿದೂ ಹೋಗುತ್ತದೆ. ಇನ್ನೊಂದು ಸ್ವರ ಬೇಕಾದರೆ ಮತ್ತೆ ಮೀಟಬೇಕು. ಮತ್ತೆ, ಮತ್ತೆ.

ಉತ್ತರ ಕೆರೊಲಿನಾದ ಅರ್ಲ್ ಸ್ಕ್ರಗ್ಸ್ ಈ ಕೊರತೆಯನ್ನೇ ಕಲೆ ಮಾಡಿದ. 1945ರ ಡಿಸೆಂಬರ್‌ನಲ್ಲಿ ಬಿಲ್ ಮನ್ರೊ ತಂಡ ಸೇರಿ ನ್ಯಾಶ್‌ವಿಲ್‌ನ ಗ್ರ್ಯಾಂಡ್ ಓಲ್ ಆಪ್ರಿ ವೇದಿಕೆ ಹತ್ತಿದಾಗ ಅವನಿಗಿನ್ನೂ 21 ವರ್ಷ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಈ ಮೂರನ್ನೂ ಸರದಿಯಲ್ಲಿ ಓಡಿಸಿ ಒಂದು ಆವರ್ತಕ್ಕೆ ಎಂಟು ಸ್ವರ ತುಂಬುತ್ತಿದ್ದ. ಅದಕ್ಕೆ ರೋಲ್ ಅನ್ನುತ್ತಾರೆ. ಮುಂದಕ್ಕೆ ಓಡುವ ರೋಲ್, ಹಿಂದಕ್ಕೆ ಓಡುವ ರೋಲ್, ಹೆಬ್ಬೆರಳು ಒಂದು ಬಿಟ್ಟು ಒಂದಕ್ಕೆ ಬರುವ ರೋಲ್. ಎರಡು ಮೂರು ಮಾದರಿ ಕೈಗೆ ಕೂತರೆ ಅರ್ಧ ಬ್ಲೂಗ್ರಾಸ್, ಅಂದರೆ ಮನ್ರೊ ತಂಡ ರೂಪಿಸಿದ ಚುರುಕಿನ ಕಂಟ್ರಿ ಶೈಲಿ, ಬಂದ ಹಾಗೆ. ಐದನೇ ತಂತಿಯೊಂದು ಗಿಡ್ಡ. ಅದು ಐದನೇ ಫ್ರೆಟ್ (ವೀಣೆಯ ಮೆಟ್ಟಿಲಿನಂಥದ್ದು) ಹತ್ತಿರದಿಂದ ಶುರುವಾಗುತ್ತದೆ. ಸ್ವರ ಬದಲಿಸದೆ ಮೇಲಿನ ಷಡ್ಜವನ್ನೇ ನುಡಿಯುತ್ತಿರುತ್ತದೆ.

ಸ್ಟೀಲ್ ಗಿಟಾರಿನಲ್ಲಿ ಎಲ್ಲವೂ ತಲೆಕೆಳಗು. ವಾದ್ಯವನ್ನು ಮಲಗಿಸಿ ಇಟ್ಟಿರುತ್ತಾರೆ. ಎಡಗೈ ತಂತಿಯನ್ನು ಫ್ರೆಟ್‌ಗೆ ಒತ್ತುವುದಿಲ್ಲ, ತಂತಿಯ ಮೇಲೆ ಉಕ್ಕಿನ ಬಾರ್ ಒಂದನ್ನು ಜಾರಿಸುತ್ತದೆ. ಭಾರದ ಮೈ, ಗಟ್ಟಿ ಬಾರ್, ಕೆಳಗೆ ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಪಿಕಪ್. ಕಂಪನ ಸುಲಭಕ್ಕೆ ಸೋರಿಹೋಗುವುದಿಲ್ಲ. ಸಾಲದು ಅಂತ ಬಲಗಾಲ ಕೆಳಗೆ ಒಂದು ವಾಲ್ಯೂಮ್ ಪೆಡಲ್. ಸ್ವರ ಸೊರಗುತ್ತಾ ಬಂದಂತೆ ಪಾದ ಮೆಲ್ಲಗೆ ಒತ್ತಿದರೆ ಕಿವಿಗೆ ಸೊರಗಿದ್ದೇ ಗೊತ್ತಾಗುವುದಿಲ್ಲ. ಹಾಡುಗಾರ ಉಸಿರು ತಗೊಂಡು ಮುಂದಿನ ಸಾಲು ಹಿಡಿಯುವ ತನಕ ಒಂದೇ ಸ್ವರ ನಿಂತಿರಬಲ್ಲದು.

ಇದರ ಪರಿಣಾಮ ಏನು? ಬ್ಯಾಂಜೊದಲ್ಲಿ ಒಂದು ಸ್ವರ ತಪ್ಪಿದರೆ ಮುಂದಿನ ಏಳು ಸ್ವರ ಅದನ್ನು ಮುಚ್ಚಿಹಾಕುತ್ತವೆ. ಸ್ಟೀಲ್‌ನಲ್ಲಿ ತಪ್ಪಿದ ಸ್ವರ ಅಲ್ಲೇ ನಿಂತು ಎಲ್ಲರನ್ನೂ ನೋಡುತ್ತಿರುತ್ತದೆ. ಬ್ಯಾಂಜೊ ಕಲಿಯುವವರು ಮೊದಲ ವರ್ಷ ಸ್ವರ ಹೊರಡಿಸುವುದನ್ನು ಕಲಿಯುತ್ತಾರೆ. ಸ್ಟೀಲ್ ಕಲಿಯುವವರು ಸ್ವರ ನಿಲ್ಲಿಸುವುದನ್ನು ಕಲಿಯುತ್ತಾರೆ. ಮೀಟಿದ ತಂತಿಯನ್ನು ಅಂಗೈ ಅಂಚಿನಿಂದಲೋ ಬೆರಳಿಗೆ ಹಾಕಿದ ಮೀಟುಗೋಲಿನ (ಪಿಕ್) ತುದಿಯಿಂದಲೋ ತಡೆಯದಿದ್ದರೆ ಹಿಂದಿನ ಸ್ವರ ಮುಂದಿನದರ ಮೇಲೆ ಬಿದ್ದು ಕಲಸುಮೇಲೋಗರ. ಬ್ಯಾಂಜೊ ನಿಮ್ಮ ಕೈಯನ್ನು ಪರೀಕ್ಷೆ ಮಾಡುತ್ತದೆ, ಸ್ಟೀಲ್ ನಿಮ್ಮ ಕಿವಿಯನ್ನು. ನಾನು ಕಂಡ ಮಟ್ಟಿಗೆ ಆಯ್ಕೆಯ ಮುಖ್ಯ ಪ್ರಶ್ನೆ ಇದೇ. ಯಾವ ಧ್ವನಿ ಇಷ್ಟ ಅನ್ನುವುದು ಎರಡನೆಯದು.

ಸ್ಟೀಲ್ ಅಂದರೆ ಯಾವ ಸ್ಟೀಲ್?

ಅಂಗಡಿಯಲ್ಲಿ "ಸ್ಟೀಲ್ ಗಿಟಾರ್" ಅಂದರೆ ಸಾಲದು. ಮೂರು ಬೇರೆ ಬೇರೆ ವಾದ್ಯಗಳಿಗೆ ಆ ಹೆಸರಿದೆ.

ಮೊದಲನೆಯದು ಲ್ಯಾಪ್ ಸ್ಟೀಲ್. ತೊಡೆ ಮೇಲೆ ಇಟ್ಟು ನುಡಿಸುವುದು. ಇದರ ಹುಟ್ಟು ಹವಾಯಿಯಲ್ಲಿ. 1880ರ ದಶಕದ ಕೊನೆಗೆ ಓಅಹು ದ್ವೀಪದ ಶಾಲಾ ಹುಡುಗ ಜೋಸೆಫ್ ಕೆಕುಕು ಲೋಹದ ತುಂಡನ್ನು ಗಿಟಾರ್ ತಂತಿಯ ಮೇಲೆ ಜಾರಿಸಿ ಇದನ್ನು ರೂಢಿಗೆ ತಂದ ಅನ್ನುವುದು ಹೆಚ್ಚಿನವರು ಒಪ್ಪುವ ಕಥೆ. ಭಾರತದಲ್ಲಿ ಹುಟ್ಟಿ, ಹಡಗಿನಲ್ಲಿ ಹವಾಯಿ ಸೇರಿದ ಗೇಬ್ರಿಯಲ್ ಡೇವಿಯನ್ ಅನ್ನುವವನು ಅದಕ್ಕೂ ಮೊದಲು ಹೀಗೆ ನುಡಿಸುತ್ತಿದ್ದ ಅಂತ ಇನ್ನೊಂದು ಕಥೆಯೂ ಅಲ್ಲಿದೆ. ವೀಣೆಯ ಹಾಗಿದ್ದು ತಂತಿ ಮೇಲೆ ತುಂಡು ಜಾರಿಸಿ ನುಡಿಸುವ ನಮ್ಮ ಗೋಟುವಾದ್ಯ ನೋಡಿದವರಿಗೆ ಆ ಎರಡನೇ ಕಥೆ ನಂಬಬೇಕು ಅನ್ನಿಸುತ್ತದೆ. ಆದರೆ ನಂಬಬೇಕು ಅನ್ನಿಸುವುದು ಬೇರೆ, ಸಾಕ್ಷಿ ಬೇರೆ. 1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನಡೆದ ದೊಡ್ಡ ವಸ್ತುಪ್ರದರ್ಶನದಲ್ಲಿ ಹವಾಯಿ ಸಂಗೀತ ಕೇಳಿ ಇಡೀ ಅಮೆರಿಕಕ್ಕೆ ಅದರ ಹುಚ್ಚು ಹಿಡಿಯಿತು. 1930ರ ದಶಕದ ಆರಂಭದಲ್ಲಿ ರಿಕನ್‌ಬ್ಯಾಕರ್‌ನವರು ಮಾರಿದ ಮೊದಲ ವಿದ್ಯುತ್ ಗಿಟಾರ್ ಕೂಡ ಲ್ಯಾಪ್ ಸ್ಟೀಲೇ. ಅದರ ಆಕಾರ ನೋಡಿ ಜನ ಬಾಣಲೆ ಅಂತ ಕರೆದರು. 1935ರಲ್ಲಿ ಬಾಬ್ ಡನ್ ಟೆಕ್ಸಸ್‌ನ ಕಂಟ್ರಿ ತಂಡವೊಂದರ ಜೊತೆ ವಿದ್ಯುತ್ ಸ್ಟೀಲ್ ಧ್ವನಿಮುದ್ರಣ ಮಾಡಿದ. ಹ್ಯಾಂಕ್ ವಿಲಿಯಮ್ಸ್ ಹಾಡುಗಳಲ್ಲಿ ಹಿಂದಿನಿಂದ ಅಳುವ ಸ್ಟೀಲ್ ಇದೆಯಲ್ಲ, ಡಾನ್ ಹೆಲ್ಮ್ಸ್‌ನದು, ಅದಕ್ಕೂ ಪೆಡಲ್ ಇರಲಿಲ್ಲ.

ಎರಡನೆಯದು ಡೊಬ್ರೊ. ಹೊಟ್ಟೆಯಲ್ಲಿ ಲೋಹದ ಬಟ್ಟಲು ಇರುವ, ವಿದ್ಯುತ್ ಬೇಡದ ಗಿಟಾರ್. 1928ರ ಸುಮಾರಿಗೆ ಡೊಪ್ಯೆರಾ ಸಹೋದರರು ಇದನ್ನು ಶುರುಮಾಡಿದರು. ಸ್ಟೀಲ್ ವಂಶದಲ್ಲಿ ಬ್ಲೂಗ್ರಾಸ್ ಮನೆಯೊಳಗೆ ಬಿಟ್ಟುಕೊಳ್ಳುವುದು ಇದೊಂದನ್ನೇ.

ಮೂರನೆಯದು ಪೆಡಲ್ ಸ್ಟೀಲ್. ಜೋಕುಗಳೆಲ್ಲ ಇದರ ಮೇಲೆಯೇ. ನಾಲ್ಕು ಕಾಲಿನ ಮೇಜಿನ ಮೇಲೆ ಹತ್ತು ತಂತಿ. ಕೆಳಗೆ ಮೂರು ಪೆಡಲ್. ಮಂಡಿಯಿಂದ ತಳ್ಳಲು ನಾಲ್ಕೈದು ಸನ್ನೆ. ಪೆಡಲ್ ಒತ್ತಿದರೆ ಒಳಗಿನ ಕಡ್ಡಿಗಳು ತಂತಿಯನ್ನು ಎಳೆದು ನಿಖರವಾಗಿ ಒಂದು ಸ್ವರ ಏರಿಸುತ್ತವೆ. ಇದರ ಮಜಾ ನಮ್ಮ ಸ್ವರಗಳಲ್ಲೇ ಹೇಳಿದರೆ ಸುಲಭ. ಮೂರು ತಂತಿಯಲ್ಲಿ ಸ, ಗ, ಪ ಒಟ್ಟಿಗೆ ನುಡಿಯುತ್ತಿದೆ ಅನ್ನಿ. ಎರಡು ಪೆಡಲ್ ಒಟ್ಟಿಗೆ ಒತ್ತಿದರೆ ಗ ಜಾರಿ ಮ ಆಗುತ್ತದೆ, ಪ ಜಾರಿ ದ ಆಗುತ್ತದೆ. ಸ ಮಾತ್ರ ಅಲ್ಲಾಡದೆ ನಿಂತಿರುತ್ತದೆ. ವೀಣೆಯಲ್ಲಿ ತಂತಿ ಎಳೆದು ಗಮಕ ತರುತ್ತೇವೆ. ಗೋಟುವಾದ್ಯದಲ್ಲಿ ಗೋಟು ಜಾರಿಸುತ್ತೇವೆ. ಆದರೆ ಒಂದು ಸ್ವರವನ್ನು ನಿಲ್ಲಿಸಿ ಪಕ್ಕದ ಎರಡನ್ನು ಒಟ್ಟಿಗೆ ಸರಿಸುವ ಈ ಕೆಲಸ ಅವೆರಡರಲ್ಲೂ ಇಲ್ಲ. 1954ರಲ್ಲಿ ವೆಬ್ ಪಿಯರ್ಸ್ ಹಾಡೊಂದರಲ್ಲಿ ಬಡ್ ಐಸಾಕ್ಸ್ ತಂತಿ ನುಡಿಯುತ್ತಿರುವಾಗಲೇ ಪೆಡಲ್ ಒತ್ತಿ ಇದನ್ನು ಕೇಳಿಸಿದ. ಹಾಡು ಕಂಟ್ರಿ ಪಟ್ಟಿಯಲ್ಲಿ 17 ವಾರ ಮೊದಲ ಸ್ಥಾನದಲ್ಲಿತ್ತು. ಊರಿನಲ್ಲಿದ್ದ ಸ್ಟೀಲ್ ವಾದಕರೆಲ್ಲ ಆ ಧ್ವನಿ ಎಲ್ಲಿಂದ ಬಂತು ಅಂತ ಹುಡುಕಲು ಶುರುಮಾಡಿದರು. ಪೆಡಲ್ ಇಲ್ಲದವರು ತಮ್ಮ ವಾದ್ಯಕ್ಕೆ ತಾವೇ ಪೆಡಲ್ ಕಟ್ಟಿಕೊಂಡರು. ಆಮೇಲೆ ಬಡ್ಡಿ ಎಮನ್ಸ್, ಶಾಟ್ ಜಾಕ್ಸನ್ ಸೇರಿ ಶೋ-ಬಡ್ ಅನ್ನುವ ಹೆಸರಿನಲ್ಲಿ ಪೆಡಲ್ ಸ್ಟೀಲ್ ಮಾಡಿ ಮಾರತೊಡಗಿದರು.

ಎರಡು ಕೈ, ಎರಡು ಪಾದ, ಎರಡು ಮಂಡಿ, ಎಲ್ಲಕ್ಕೂ ಬೇರೆ ಬೇರೆ ಕೆಲಸ. ಗುಂಡಿ ಮಗ್ಗದ ಮುಂದೆ ಕೂತ ನೇಕಾರರನ್ನು ಕಂಡವರಿಗೆ ಪೆಡಲ್ ಸ್ಟೀಲ್ ನುಡಿಸುವವರು ಹೊಸಬರು ಅನ್ನಿಸುವುದಿಲ್ಲ.

ಬ್ಯಾಂಜೊ ಕೊಳ್ಳುವಾಗಿನ ಗೊಂದಲ

ಇಲ್ಲಿ ವಿಷಯ ಸರಳ. ಕಂಟ್ರಿ, ಬ್ಲೂಗ್ರಾಸ್ ಎರಡಕ್ಕೂ ಬೇಕಿರುವುದು ಐದು ತಂತಿಯ ಬ್ಯಾಂಜೊ. ನಾಲ್ಕು ತಂತಿಯದು ಹಳೇ ಜಾಝ್‌ಗೆ, ಐರಿಶ್ ಸಂಗೀತಕ್ಕೆ. ಆರು ತಂತಿಯದು ಗಿಟಾರ್ ಬಂದವರಿಗೆ ಮಾಡಿದ ಅಡ್ಡದಾರಿ. ಅದರಲ್ಲಿ ಬ್ಯಾಂಜೊ ಧ್ವನಿ ಬರುತ್ತದೆ, ಬ್ಯಾಂಜೊ ಚಲನೆ ಬರುವುದಿಲ್ಲ. ಆ ಗಿಡ್ಡ ತಂತಿ ಇಲ್ಲದ ಮೇಲೆ ರೋಲ್‌ಗೆ ಬ್ಯಾಂಜೊದ ಸೊಗಸು ಬರುವುದಿಲ್ಲ.

ಐದು ತಂತಿಯದರಲ್ಲೂ ಎರಡು ಬಗೆ. ಹಿಂದೆ ಮರದ ತಟ್ಟೆ ಇದ್ದರೆ ರೆಸೊನೇಟರ್, ಅದು ಸ್ಕ್ರಗ್ಸ್ ದಾರಿ. ಹಿಂಬದಿ ತೆರೆದಿದ್ದರೆ ಹಗುರ, ಧ್ವನಿಯೂ ಮೆತ್ತಗೆ. ಕ್ಲಾಹ್ಯಾಮರ್ ಅನ್ನುವ ಹಳೇ ಶೈಲಿಗೆ ಅದು ಸರಿ. ಉಗುರಿನ ಬೆನ್ನಿನಿಂದ ತಂತಿಯನ್ನು ಕೆಳಕ್ಕೆ ಹೊಡೆದು, ಹೆಬ್ಬೆರಳಿನಿಂದ ಗಿಡ್ಡ ತಂತಿ ಎಳೆಯುವ ಶೈಲಿ ಇದು. ಬ್ಯಾಂಜೊ ಬಂದದ್ದು ಪಶ್ಚಿಮ ಆಫ್ರಿಕಾದಿಂದ ಗುಲಾಮರಾಗಿ ಹಿಡಿದು ತಂದವರ ನೆನಪಿನಲ್ಲಿ. ಸೋರೆಬುರುಡೆ, ಅದಕ್ಕೆ ಬಿಗಿದ ತೊಗಲು. ಸೆನೆಗಲ್, ಗ್ಯಾಂಬಿಯಾ ಕಡೆಯ ಅಕೊಂಟಿಂಗ್ ಅನ್ನುವ ವಾದ್ಯವನ್ನು ಇಂದಿಗೂ ಹೆಚ್ಚುಕಡಿಮೆ ಕ್ಲಾಹ್ಯಾಮರ್‌ನ ಹಾಗೆಯೇ ನುಡಿಸುತ್ತಾರೆ. ಬ್ಯಾಂಜೊ ಬಿಳಿಯರ ಬೆಟ್ಟದ ವಾದ್ಯ ಅಂತ ಯಾರಾದರೂ ಹೇಳಿದರೆ ಇದನ್ನು ನೆನಪಿಸಿ.

ಭಾರತದಲ್ಲಿ ಕೊಳ್ಳುವವರಿಗೆ ಒಂದು ಎಚ್ಚರಿಕೆ. ಇಲ್ಲಿನ ಸಂಗೀತ ಅಂಗಡಿಯಲ್ಲಿ ಬರೀ "ಬ್ಯಾಂಜೊ" ಅಂದರೆ ಟೈಪ್‌ರೈಟರ್ ಗುಂಡಿಗಳಿರುವ ಬುಲ್‌ಬುಲ್ ತರಂಗ ತಂದು ಮುಂದಿಡುವ ಸಾಧ್ಯತೆ ಜಾಸ್ತಿ. ಅದು ಬೇರೆಯೇ ವಾದ್ಯ. ಆನ್‌ಲೈನ್‌ನಲ್ಲೂ ಚಿತ್ರ ನೋಡಿಯೇ ಆರ್ಡರ್ ಮಾಡಿ.

ಒಂದೇ ಹಾಡಿನಲ್ಲಿ ಇಬ್ಬರಿಗೂ ಜಾಗ ಇದೆಯಾ?

ತುಂಬಾ ಕಾಲ ಇರಲಿಲ್ಲ. ಬಿಲ್ ಮನ್ರೊ ಹಾಕಿದ ಬ್ಲೂಗ್ರಾಸ್ ಚೌಕಟ್ಟಿನಲ್ಲಿ ವಿದ್ಯುತ್ ವಾದ್ಯಕ್ಕೆ ಜಾಗವಿಲ್ಲ. ಹಾಗಾಗಿ ಪೆಡಲ್ ಸ್ಟೀಲ್ ಹೊರಗೆ. ಟೆಕ್ಸಸ್‌ನ ಕುಣಿತದ ಹಾಲ್‌ಗಳು, ಬಾರ್‌ಗಳಲ್ಲಿ ಬೆಳೆದ ಹಾಂಕಿ-ಟಾಂಕ್ ಹಾಡುಗಳಲ್ಲಿ ಬ್ಯಾಂಜೊ ಹಳ್ಳಿಗಮಾರನ ವಾದ್ಯ. ಹಾಗಾಗಿ ಅದು ಹೊರಗೆ. ತಮಾಷೆ ಜಗಳ ಹುಟ್ಟಿದ್ದೂ ಈ ಗೋಡೆಯಿಂದಲೇ ಇರಬೇಕು. ಆದರೆ ಗೋಡೆಯ ಎರಡೂ ಕಡೆಯವರು ಕಿಟಕಿಯಿಂದ ಇಣುಕುತ್ತಲೇ ಇದ್ದರು. ನನಗೆ ಈ ಕಥೆಯಲ್ಲಿ ತುಂಬಾ ಇಷ್ಟವಾಗುವ ಭಾಗ ಇದು.

ಸ್ಕ್ರಗ್ಸ್‌ನನ್ನೇ ನೋಡಿ. 1951ರಲ್ಲಿ ಅವನು ಬ್ಯಾಂಜೊ ತಂತಿ ನುಡಿಯುತ್ತಿರುವಾಗಲೇ ಬಿರಡೆ ತಿರುಗಿಸಿ ಸ್ವರವನ್ನು ಕೆಳಗಿಳಿಸಿ ಮತ್ತೆ ಏರಿಸಿದ. ಅದಕ್ಕಾಗಿ ಬ್ಯಾಂಜೊ ತಲೆಗೆ ಹೆಚ್ಚುವರಿ ಬಿರಡೆ ಕೂಡಿಸಿಕೊಂಡ. ಅಂದರೆ ಬಡ್ ಐಸಾಕ್ಸ್ ಹಾಡು ಬರುವುದಕ್ಕೆ ಮೊದಲೇ, ಕಾಲಿನಿಂದ ಮಾಡಬೇಕಾದ ಕೆಲಸವನ್ನು ಇವನು ಕೈಯಿಂದ ಮಾಡಿ ಮುಗಿಸಿದ್ದ! ಬ್ಯಾಂಜೊ ಪಕ್ಷದವರು ವಾದಕ್ಕೆ ಇಳಿದರೆ ಇದಕ್ಕಿಂತ ಒಳ್ಳೆಯ ಅಸ್ತ್ರ ಸಿಗದು. ಮುಂದೆ ಬಿಲ್ ಕೀತ್ ಆ ಬಿರಡೆಯನ್ನು ಸುಧಾರಿಸಿ ಅಷ್ಟಷ್ಟಕ್ಕೇ ನಿಲ್ಲುವ ಹಾಗೆ ಮಾಡಿದ. ಮನ್ರೊ ತಂಡದಲ್ಲಿ 1963ರಲ್ಲಿ ಬ್ಯಾಂಜೊ ನುಡಿಸಿದ ಅದೇ ಕೀತ್ ಆಮೇಲೆ ಪೆಡಲ್ ಸ್ಟೀಲ್ ಮುಂದೆಯೂ ಕೂತ. ಬಿರಡೆಯಿಂದ ತಂತಿ ಎಳೆಯುವ ರುಚಿ ಹತ್ತಿದವನು ಪೆಡಲ್ ಬಿಟ್ಟಾನಾ?

ಇನ್ನೊಂದು ಕಡೆಯಿಂದಲೂ ಸಾಲ ನಡೆದಿದೆ. 1955ರಲ್ಲಿ ಫ್ಲ್ಯಾಟ್, ಸ್ಕ್ರಗ್ಸ್ ತಂಡಕ್ಕೆ ಸೇರಿದ ಜಾಶ್ ಗ್ರೇವ್ಸ್ ಡೊಬ್ರೊ ವಾದಕ. ಅವನು ಸ್ಕ್ರಗ್ಸ್‌ನ ಮೂರು ಬೆರಳ ರೋಲ್ ಅನ್ನೇ ಕಲಿತು ಡೊಬ್ರೊ ಮೇಲೆ ಓಡಿಸಿದ. ಇವತ್ತು ಬ್ಲೂಗ್ರಾಸ್ ಡೊಬ್ರೊ ಅಂದರೆ ಕೇಳಿಬರುವ ಚುರುಕು ಅಲ್ಲಿಂದಲೇ ಬಂದದ್ದು.

ಜೆರ್ರಿ ಗಾರ್ಸಿಯಾ ಅಂತೂ ಎರಡೂ ಪಕ್ಷದಲ್ಲಿದ್ದ. ಗ್ರೇಟ್‌ಫುಲ್ ಡೆಡ್ ಅನ್ನುವ ರಾಕ್ ತಂಡ ಕಟ್ಟುವ ಮೊದಲು ಬ್ಯಾಂಜೊ ಹುಚ್ಚು. 1970ರಲ್ಲಿ ಕ್ರಾಸ್ಬಿ, ಸ್ಟಿಲ್ಸ್, ನ್ಯಾಶ್ ಮತ್ತು ಯಂಗ್ ಆಲ್ಬಂನಲ್ಲಿ ಪೆಡಲ್ ಸ್ಟೀಲ್ ನುಡಿಸಿದ. ಆಮೇಲೆ ಮತ್ತೆ ಬ್ಲೂಗ್ರಾಸ್ ತಂಡದಲ್ಲಿ ಬ್ಯಾಂಜೊ ಹಿಡಿದ. 2024ರ ಫೆಬ್ರುವರಿಯಲ್ಲಿ ಬಿಯಾನ್ಸೆ ಕಂಟ್ರಿ ಕಡೆ ಹೊರಳಿ ಒಂದೇ ದಿನ ಎರಡು ಹಾಡು ಬಿಟ್ಟರು. ಒಂದರಲ್ಲಿ ರಿಯಾನನ್ ಗಿಡೆನ್ಸ್ ಅವರ ಬ್ಯಾಂಜೊ, ಇನ್ನೊಂದರಲ್ಲಿ ಚರ್ಚ್‌ನ ಸ್ಟೀಲ್ ಸಂಪ್ರದಾಯದಿಂದ ಬಂದ ರಾಬರ್ಟ್ ರ‍್ಯಾಂಡಾಲ್ಫ್ ಅವರ ಸ್ಟೀಲ್. ಇವತ್ತಿನ ಕಿವಿಗೆ ಎರಡನ್ನೂ ಹೋಲಿಸಿ ಕೇಳಬೇಕಾದರೆ ಆ ಎರಡು ಹಾಡು ಒಂದರ ಹಿಂದೆ ಒಂದು ಕೇಳಿ. ಬ್ಯಾಂಜೊ ಹಾಡನ್ನು ಮುಂದಕ್ಕೆ ತಳ್ಳುತ್ತದೆ. ಸ್ಟೀಲ್ ಹಾಡಿನ ಹಿಂದೆ ನಿಂತು ಹಾಡುವವರ ಮಾತಿಗೆ ಹೂಂಗುಡುತ್ತದೆ.

ನಮ್ಮ ಕಡೆಗೂ ಇದರ ಕೊಂಡಿ ಇದೆ. ಬ್ಯಾಂಜೊದ ಬೇಲಾ ಫ್ಲೆಕ್ 1996ರಲ್ಲೇ ವಿಶ್ವಮೋಹನ ಭಟ್ಟರ ಮೋಹನವೀಣೆಯ ಜೊತೆ ಆಲ್ಬಂ ಮಾಡಿದ್ದರು. ಮೋಹನವೀಣೆ ಅಂದರೆ ಮಲಗಿಸಿ ಬಾರ್ ಜಾರಿಸುವ ಗಿಟಾರೇ. ಅಂದರೆ ಬ್ಯಾಂಜೊ ಮತ್ತು ಸ್ಟೀಲ್ ಜುಗಲ್‌ಬಂದಿ ನಮ್ಮ ರಾಗಗಳ ಜೊತೆಗೇ ಆಗಿಹೋಗಿದೆ. ಮುಂದೆ ಫ್ಲೆಕ್ ಜಾಕಿರ್ ಹುಸೇನ್, ರಾಕೇಶ್ ಚೌರಾಸಿಯಾ ಜೊತೆ ಸೇರಿ ಮಾಡಿದ ಕೆಲಸಕ್ಕೆ 2024ರಲ್ಲಿ ಗ್ರ್ಯಾಮಿ ಬಂತು.

ಅಳು, ನಗು

ಬ್ಯಾಂಜೊದಲ್ಲಿ ದುಃಖದ ಹಾಡು ನುಡಿಸಲಾಗದು ಅನ್ನುವುದು ಸ್ಟೀವ್ ಮಾರ್ಟಿನ್ ತನ್ನ ಹಾಸ್ಯ ಕಾರ್ಯಕ್ರಮಗಳಲ್ಲಿ ಮಾಡುತ್ತಿದ್ದ ತಮಾಷೆ. ಮಾರ್ಟಿನ್ ಸ್ವತಃ ಒಳ್ಳೆಯ ಬ್ಯಾಂಜೊ ವಾದಕ. ಆದರೆ ಈ ಮಾತನ್ನು ನಿಜ ಅಂತ ತಗೊಂಡು ಸ್ಟೀಲ್ ಕೊಳ್ಳಬೇಡಿ. 1927ರಲ್ಲಿ ಡಾಕ್ ಬಾಗ್ಸ್ ಮುದ್ರಿಸಿದ ಹಾಡುಗಳನ್ನು ಕೇಳಿ. ಗಣಿ ಕೆಲಸಗಾರನ ಬ್ಯಾಂಜೊ ಅದು. ರಾತ್ರಿ ಒಬ್ಬರೇ ಕೇಳಿದರೆ ಮೈ ಜುಂ ಅನ್ನುತ್ತದೆ. ಹಾಗೆಯೇ ಸ್ಟೀಲ್ ಬರೀ ಅಳುಮುಂಜಿ ಅನ್ನುವವರು 1950ರ ದಶಕದ ಸ್ಪೀಡಿ ವೆಸ್ಟ್‌ನನ್ನು ಕೇಳಬೇಕು. ಗಿಟಾರಿನ ಜಿಮ್ಮಿ ಬ್ರಯಂಟ್ ಜೊತೆ ಬಿದ್ದು ಎದ್ದು ಓಡುವ ಆ ಸ್ಟೀಲ್ ಯಾವ ಬ್ಯಾಂಜೊಗೆ ಕಡಿಮೆ?

ಆದರೂ ಸುಮ್ನೆ ಸಮಾಧಾನದ ಮಾತು ಆಡುವುದಿಲ್ಲ. ಗಮಕ, ಮೀಂಡ್ ಕೇಳಿ ಬೆಳೆದ ಕಿವಿಗೆ ಸ್ಟೀಲ್ ಬೇಗ ಒಗ್ಗುತ್ತದೆ. ಅಲ್ಲಿನ ಶ್ರುತಿಯ ತಲೆನೋವೂ ನಮಗೆ ಹೊಸದಲ್ಲ. ತಂಬೂರಿಯೊಳಗಿಂದ ತಾನಾಗಿ ಕೇಳುವ ಗಾಂಧಾರ ಹಾರ್ಮೋನಿಯಂನ ಗಾಂಧಾರಕ್ಕಿಂತ ತುಸು ತಗ್ಗು, ಅಲ್ವಾ? ಸ್ಟೀಲ್‌ನವರು ಆ ತಗ್ಗಿನ ಗಾಂಧಾರಕ್ಕೇ ತಂತಿ ಹೊಂದಿಸಲು ಹೋಗುತ್ತಾರೆ, ಯಾಕೆಂದರೆ ಸ್ವರ ನಿಂತು ನುಡಿಯುವಾಗ ಅದೇ ಇಂಪು. ಆದರೆ ಪಕ್ಕದಲ್ಲಿ ಪಿಯಾನೊ ಇದ್ದರೆ ಜಗಳ. ಆಮೇಲೆ ನಡುವೆ ಎಲ್ಲೋ ರಾಜಿ. ಹಾಗಾಗಿ ಅವರು ಸದಾ ಶ್ರುತಿ ಮಾಡುತ್ತಿರುತ್ತಾರೆ. ಬ್ಯಾಂಜೊದವರು ಇದನ್ನೇ ಜೋಕು ಮಾಡುತ್ತಾರೆ.

ದುಡ್ಡು, ಭಾರ, ನೆರೆಮನೆ

ಕಲಿಯಲು ಸಾಕಾಗುವ ಐದು ತಂತಿಯ ಬ್ಯಾಂಜೊ ಅಮೆರಿಕದಲ್ಲಿ ಕೆಲವು ನೂರು ಡಾಲರ್‌ಗೆ ಸಿಗುತ್ತದೆ. ಹೊಸ ಪೆಡಲ್ ಸ್ಟೀಲ್ ಕಲಿಕೆಯ ಮಾದರಿಯೇ ಸಾವಿರ ಡಾಲರ್ ದಾಟುತ್ತದೆ. ವೃತ್ತಿಪರರದು ಅದರ ಹಲವು ಪಟ್ಟು. ಅದರ ಮೇಲೆ ಆಂಪ್ (ಧ್ವನಿವರ್ಧಕ), ವಾಲ್ಯೂಮ್ ಪೆಡಲ್, ಬಾರ್, ಸರಿಯಾದ ಎತ್ತರದ ಸ್ಟೂಲ್. ಹಳೆಯದು ಕೊಳ್ಳುವುದಾದರೆ ಪ್ರತಿ ಪೆಡಲ್ ಒತ್ತಿ ಬಿಟ್ಟು, ತಂತಿ ಹಿಂದಿನ ಶ್ರುತಿಗೇ ವಾಪಸ್ ಬರುತ್ತದಾ ಅಂತ ಟ್ಯೂನರ್ ಇಟ್ಟು ನೋಡಿ. ಬರದಿದ್ದರೆ ರಿಪೇರಿ ಗೊತ್ತಿರುವವರು ಹತ್ತಿರದಲ್ಲಿ ಇದ್ದರೆ ಮಾತ್ರ ಕೊಳ್ಳಿ. ಭಾರತದಲ್ಲಿ ಅಂಥವರನ್ನು ಹುಡುಕುವುದು ಕಷ್ಟ. ಲ್ಯಾಪ್ ಸ್ಟೀಲ್ ಅಗ್ಗ. ಕೋಲ್ಕತಾದಲ್ಲಿ ಹವಾಯನ್ ಗಿಟಾರ್‌ಗೆ ದೊಡ್ಡ ಪರಂಪರೆಯೇ ಇರುವುದರಿಂದ ನಮ್ಮ ದೇಶದ್ದೇ ವಾದ್ಯ ಕಡಿಮೆ ಬೆಲೆಗೆ ಸಿಗುತ್ತದೆ.

ರೆಸೊನೇಟರ್ ಬ್ಯಾಂಜೊ 5 ಕಿಲೋ ಆಸುಪಾಸು. ಹೆಗಲಿಗೆ ಹಾಕಿ ಹೊರಡಬಹುದು. ಎರಡು ಕತ್ತಿನ ಪೆಡಲ್ ಸ್ಟೀಲ್ ಪೆಟ್ಟಿಗೆ ಸಮೇತ 25 ಕಿಲೋ ದಾಟುತ್ತದೆ. ಕಾಲು ಸಿಕ್ಕಿಸಿ, ಪೆಡಲ್ ಕಡ್ಡಿ ಕೂಡಿಸಿ, ಶ್ರುತಿ ಮಾಡುವಷ್ಟರಲ್ಲಿ ಬ್ಯಾಂಜೊದವನು ಎರಡು ಹಾಡು ಮುಗಿಸಿರುತ್ತಾನೆ.

ಬ್ಯಾಂಜೊಗೂ ಸಣ್ಣಪುಟ್ಟ ರಗಳೆ ಇದೆ. ಕುದುರೆಯನ್ನು ಅಂಟಿಸಿರುವುದಿಲ್ಲ. ಅದು ಸ್ವಲ್ಪ ಸರಿದರೂ ಫ್ರೆಟ್ ಸ್ವರಗಳೆಲ್ಲ ತಪ್ಪುತ್ತವೆ. 12ನೇ ಫ್ರೆಟ್‌ನ ಸ್ವರ ಬಿಡಿ ತಂತಿಯ ಮೇಲಿನ ಸ್ಥಾಯಿಗೆ ಸರಿಹೊಂದುತ್ತದಾ ನೋಡಿಕೊಳ್ಳಬೇಕು. ತಂತಿಯ ತುದಿಯಲ್ಲಿ ಗುಂಡು ಬದಲು ಕುಣಿಕೆ ಇರುತ್ತದೆ, ಎಲ್ಲಾ ಅಂಗಡಿಯಲ್ಲಿ ಸಿಗುವುದಿಲ್ಲ. ಆಗ ತೆಳು ಗಿಟಾರ್ ತಂತಿಯ ಗುಂಡನ್ನು ಒತ್ತಿ ತೆಗೆದರೆ ಕುಣಿಕೆ ಉಳಿಯುತ್ತದೆ, ಕೆಲಸ ನಡೆಯುತ್ತದೆ. ಶ್ರುತಿ ಏರಿಸಲು ತಂತಿಗಳನ್ನು ಕತ್ತಿಗೆ ಒತ್ತಿಹಿಡಿಯುವ ಕ್ಯಾಪೊ ಹಾಕಿದರೆ ಗಿಡ್ಡ ತಂತಿಗೆ ಅದು ತಾಕುವುದಿಲ್ಲ. ಅದಕ್ಕೆ ಆಟಿಕೆ ರೈಲು ಹಳಿಯ ಪುಟಾಣಿ ಮೊಳೆಯನ್ನು ಬೆರಳುಹಲಗೆಗೆ ಹೊಡೆದು ತಂತಿಯನ್ನು ಅದರ ಕೆಳಗೆ ಸಿಕ್ಕಿಸುತ್ತಾರೆ. ನಂಬಲು ಕಷ್ಟ, ಆದರೆ ದುಬಾರಿ ಬ್ಯಾಂಜೊಗಳಲ್ಲೂ ಇದೇ ಮೊಳೆ.

ಅಪಾರ್ಟ್‌ಮೆಂಟ್‌ನಲ್ಲಿದ್ದರೆ ಮಾತ್ರ ಲೆಕ್ಕ ಬೇರೆ. ವಿದ್ಯುತ್ ಸ್ಟೀಲ್‌ಗೆ ಹೆಡ್‌ಫೋನ್ ಹಾಕಿಕೊಂಡರೆ ಪಕ್ಕದ ಕೋಣೆಯವರಿಗೂ ಗೊತ್ತಾಗುವುದಿಲ್ಲ. ಬ್ಯಾಂಜೊ ಹುಟ್ಟಿದ್ದೇ ಜೋರಾಗಿ ಕೇಳಿಸಲು. ಹಾಳೆಯ ಹಿಂದೆ ಬಟ್ಟೆ ತುರುಕಿದರೆ ಕಡಿಮೆಯಾಗುತ್ತದೆ, ನಿಲ್ಲುವುದಿಲ್ಲ.

ಹಾಗಾದರೆ ಯಾರಿಗೆ ಯಾವುದು?

ದಿನಕ್ಕೆ ಅರ್ಧ ಗಂಟೆ ಸಿಗುತ್ತದೆ, ಕೆಲವು ತಿಂಗಳಲ್ಲಿ ಹಾಡು ಅಂತ ಗುರುತಿಸುವಂಥದ್ದು ನುಡಿಸಬೇಕು, ನಾಲ್ಕು ಜನರ ಜೊತೆ ಕೂತು ಮಜಾ ಮಾಡಬೇಕು ಅಂದರೆ ಬ್ಯಾಂಜೊ. ಹೆಚ್ಚಿನವರು ಈ ಗುಂಪಿನವರೇ. ಅದಕ್ಕೇ ನಾನು ಬ್ಯಾಂಜೊ ಅನ್ನುವುದು. ಅಮೆರಿಕದಲ್ಲಿದ್ದರೆ ಬ್ಲೂಗ್ರಾಸ್ ಜಾಮ್‌ಗಳು ಸಿಗುತ್ತವೆ, ಹೊಸಬರನ್ನು ಸೇರಿಸಿಕೊಳ್ಳುತ್ತಾರೆ. ಅಲ್ಲಿಗೆ ಪೆಡಲ್ ಸ್ಟೀಲ್ ಹೊತ್ತು ಹೋದರೆ ಪ್ಲಗ್ ಎಲ್ಲಿ ಅಂತ ಕೇಳಬೇಕಾಗುತ್ತದೆ.

ಒಬ್ಬರೇ ಕೂತು ಒಂದು ಸ್ವರವನ್ನು ಸರಿಮಾಡುವುದರಲ್ಲಿ ಬೇಜಾರು ಬರದವರು, ಹಾಡುವವರ ಹಿಂದೆ ನಿಲ್ಲುವುದರಲ್ಲಿ ಖುಷಿ ಕಾಣುವವರು ಸ್ಟೀಲ್ ತಗೊಳ್ಳಿ. ಆದರೆ ನೇರ ಪೆಡಲ್‌ಗೆ ಹಾರಬೇಡಿ. ಮೊದಲು ಲ್ಯಾಪ್ ಸ್ಟೀಲ್. ಬಾರ್ ನೇರವಾಗಿ ಹಿಡಿಯುವುದು, ತಂತಿ ತಡೆಯುವುದು, ಇವೆರಡು ಬಂದ ಮೇಲೆ ಪೆಡಲ್ ಯೋಚಿಸಿ. ಕರ್ನಾಟಕದಲ್ಲೇ ಇದ್ದುಕೊಂಡು ಕಲಿಯುವವರಿಗೂ ಲ್ಯಾಪ್ ಸ್ಟೀಲೇ ಸರಿ. ಬಾರ್ ಜಾರಿಸುವುದನ್ನು ಹೇಳಿಕೊಡುವ ಹಿಂದೂಸ್ತಾನಿ ಸ್ಲೈಡ್ ಗಿಟಾರ್ ಗುರುಗಳು ಬೆಂಗಳೂರಿನಲ್ಲಿ ಸಿಗಬಹುದು. ರಾಗ ಬೇರೆಯಾದರೂ ಕೈಯ ಪಾಠ ಒಂದೇ.

ಎರಡೂ ಬೇಕು, ಆಂಪ್ ಬೇಡ ಅನ್ನುವವರಿಗೆ ಡೊಬ್ರೊ. ರೋಲ್ ಓಡಿಸಬಹುದು, ಸ್ವರ ಜಾರಿಸಬಹುದು. ಬ್ಲೂಗ್ರಾಸ್‌ನವರೂ ಬಾ ಅನ್ನುತ್ತಾರೆ.

ಇಷ್ಟಾದರೂ ತೀರ್ಮಾನ ಆಗದಿದ್ದರೆ ಮನೆಯ ಮೂಲೆಯಲ್ಲಿರುವ ಗಿಟಾರ್ ಈಚೆಗೆ ತೆಗೆಯಿರಿ. ಎಲ್ಲಕ್ಕಿಂತ ತೆಳುವಾದ ಮೊದಲ ತಂತಿಯನ್ನು ಇ ಇಂದ ಡಿ ಗೆ ಇಳಿಸಿ. ಈಗ ತೆಳುವಾದ ನಾಲ್ಕು ತಂತಿ ಡಿ, ಜಿ, ಬಿ, ಡಿ. ಬ್ಯಾಂಜೊದ ನಾಲ್ಕು ಉದ್ದ ತಂತಿಯ ಶ್ರುತಿಯೂ ಇದೇ, ಡೊಬ್ರೊದ ತೆಳುವಾದ ನಾಲ್ಕು ತಂತಿಯ ಶ್ರುತಿಯೂ ಇದೇ. ಹೆಬ್ಬೆರಳಿಗೆ ಒಂದು ಪ್ಲಾಸ್ಟಿಕ್ ಪಿಕ್, ಎರಡು ಬೆರಳಿಗೆ ಲೋಹದ ಪಿಕ್ ತರಿಸಿ. ಎರಡೂ ವಾದ್ಯಕ್ಕೆ ಅವೇ ಬೇಕು, ದುಡ್ಡು ದಂಡವಲ್ಲ. ಎರಡು ವಾರ ಲಯ ಹಾಕುವ ಮೆಟ್ರೊನೋಮ್ ಇಟ್ಟುಕೊಂಡು ಆ ತಂತಿಗಳ ಮೇಲೆ ಮೂರು ಬೆರಳ ರೋಲ್ ಮಾಡಿ. ಇನ್ನೆರಡು ವಾರ ಗಿಟಾರನ್ನು ತೊಡೆ ಮೇಲೆ ಮಲಗಿಸಿ. ತಂತಿಗಳನ್ನು ಮೇಲೆತ್ತಲು ಕತ್ತಿನ ತುದಿಯ ನಟ್ ಮೇಲೆ ಕೂರುವ ಎಕ್ಸ್‌ಟೆಂಡರ್ ಸಿಗುತ್ತದೆ, ಅದನ್ನು ಹಾಕಿ, ಬಾರ್ ಜಾರಿಸಿ ಗೊತ್ತಿರುವ ಭಾವಗೀತೆಯೊಂದರ ಮೊದಲ ಸಾಲು ಹುಡುಕಿ. ಅದನ್ನು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ಮಾರನೇ ದಿನ ಕೇಳಿ. ಅಪಸ್ವರ ಕೇಳಿ ಮತ್ತೆ ಕೂರಬೇಕು ಅನ್ನಿಸಿದರೆ ಲ್ಯಾಪ್ ಸ್ಟೀಲ್‌ಗೆ ದುಡ್ಡು ಕೂಡಿಡಿ. ರೆಕಾರ್ಡಿಂಗ್ ಅರ್ಧಕ್ಕೇ ನಿಲ್ಲಿಸಿ ಬೆರಳು ತಾನಾಗಿ ರೋಲ್ ಹಾಕಲು ಶುರುಮಾಡಿದ್ದರೆ ಐದು ತಂತಿಯದನ್ನೇ ಆರ್ಡರ್ ಮಾಡಿ.